ಜಾಮೀನು ಮುರಿದವರ ಬೆನ್ನಟ್ಟಲು ಬಾಡಿಗೆ ಬೇಟೆಗಾರರು ಬೇಡ

ಮಾನ್ಯ ಸಂಪಾದಕರಿಗೆ,

ಜಾಮೀನಿನ ಮೇಲೆ ಹೊರಬಂದ ಆರೋಪಿಗಳು ವಾಯಿದೆಗೆ ಬಾರದೆ ತಲೆಮರೆಸಿಕೊಳ್ಳುವುದು, ಅವರ ಮೇಲಿನ ವಾರಂಟುಗಳು ‘ಆಸಾಮಿ ಊರಿನಲ್ಲಿಲ್ಲ’ ಎಂಬ ಷರಾದೊಂದಿಗೆ ಠಾಣೆಯಿಂದ ನ್ಯಾಯಾಲಯಕ್ಕೆ ಮರಳುವುದು, ನೊಂದವರು ವರ್ಷಗಟ್ಟಲೆ ಕಾದು ಕಾದು ಸುಸ್ತಾಗುವುದು ನಮ್ಮಲ್ಲಿ ಹೊಸದೇನಲ್ಲ. ಇದಕ್ಕೆ ಪರಿಹಾರವಾಗಿ, ಅಮೆರಿಕದಲ್ಲಿ ಇರುವಂತೆ ಓಡಿಹೋದವರನ್ನು ಹಿಡಿದು ತರುವ ಕೆಲಸವನ್ನು ಖಾಸಗಿಯವರಿಗೆ ವಹಿಸಿ, ಹಿಡಿದವರಿಗೆ ಇಂತಿಷ್ಟು ಎಂದು ಹಣ ಕೊಡಬೇಕೆನ್ನುವ ಮಾತು ಆಗಾಗ ಕೇಳಿಬರುತ್ತದೆ. ‘ಬೌಂಟಿ ಹಂಟರ್’ಗಳನ್ನು ಟಿ.ವಿ.ಯಲ್ಲಿ ನೋಡಿ ಮೆಚ್ಚಿಕೊಂಡವರು ಹೀಗೆ ಹೇಳುವುದು ಸಹಜ. ಸೇವೆಯ ಬಹುಪಾಲನ್ನು ಕ್ರಿಮಿನಲ್ ನ್ಯಾಯಾಲಯಗಳ ಕಚೇರಿಯಲ್ಲಿ ಮುಚ್ಚಳಿಕೆ, ಪಹಣಿ, ಜಾಮೀನುದಾರರ ಪ್ರಮಾಣಪತ್ರಗಳನ್ನು ತಾಳೆ ನೋಡುತ್ತಲೇ ಕಳೆದ ನನಗೆ, ಆ ಪದ್ಧತಿ ಹೇಗೆ ನಡೆಯುತ್ತದೆ ಎಂಬುದನ್ನು ಓದುಗರ ಮುಂದಿಡುವುದು ಅಗತ್ಯವೆನಿಸಿತು. ಏಕೆಂದರೆ ಈ ಬೇಟೆಗಾರರು ಪೊಲೀಸರ ಸಹಾಯಕರಲ್ಲ, ಜಾಮೀನು ಮಾರುವ ಕಂಪನಿಯ ಹಣ ಕಾಯುವವರು. ಇದನ್ನು ಮರೆತರೆ ಉಳಿದದ್ದೆಲ್ಲ ತಪ್ಪಾಗಿ ಕಾಣುತ್ತದೆ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಜಾಮೀನು ಒಂದು ವ್ಯಾಪಾರ. ಅಮೆರಿಕ ಬಿಟ್ಟರೆ ಫಿಲಿಪ್ಪೀನ್ಸ್‌ನಲ್ಲಿ ಮಾತ್ರ ಈ ವ್ಯಾಪಾರ ಇಷ್ಟು ರಾಜಾರೋಷವಾಗಿ ನಡೆಯುತ್ತದೆ. ನಮ್ಮ ಆಸ್ಪತ್ರೆಗಳ ಎದುರು ಔಷಧಿ ಅಂಗಡಿಗಳು ಇರುವ ಹಾಗೆ ಅಲ್ಲಿ ಜೈಲುಗಳ ಎದುರು ಜಾಮೀನಿನ ಅಂಗಡಿಗಳು ದಿನದ 24 ಗಂಟೆಯೂ ದೀಪ ಉರಿಸಿಕೊಂಡು ಕುಳಿತಿರುತ್ತವೆ. ನ್ಯಾಯಾಧೀಶರು ಒಬ್ಬ ಆರೋಪಿಗೆ 50,000 ಡಾಲರ್ ಜಾಮೀನು ನಿಗದಿ ಮಾಡಿದರೆ, ಅಷ್ಟು ಹಣ ಕೈಯಲ್ಲಿಲ್ಲದ ಕುಟುಂಬ ಅಂಗಡಿಗೆ ಹೋಗಿ ಸಾಮಾನ್ಯವಾಗಿ ಶೇ 10ರಷ್ಟು, ಅಂದರೆ 5,000 ಡಾಲರ್ ಶುಲ್ಕ ಕಟ್ಟುತ್ತದೆ. ಪೂರ್ತಿ ಮೊತ್ತಕ್ಕೆ ಅಂಗಡಿಯವನು ನ್ಯಾಯಾಲಯಕ್ಕೆ ಬಾಂಡ್ ಬರೆದುಕೊಡುತ್ತಾನೆ. ಅವನ ಬೆನ್ನಿಗೆ ಒಂದು ವಿಮಾ ಕಂಪನಿ ಇರುತ್ತದೆ. ಕಟ್ಟಿದ ಆ ಶುಲ್ಕ ಮರಳಿ ಬರುವುದಿಲ್ಲ. ಆರೋಪಿ ಪ್ರತಿ ವಾಯಿದೆಗೂ ತಪ್ಪದೆ ಬಂದು, ಕೊನೆಗೆ ನಿರ್ದೋಷಿಯೆಂದು ಬಿಡುಗಡೆಯಾದರೂ ಬರುವುದಿಲ್ಲ. ಶುಲ್ಕದ ಜೊತೆಗೆ ತಾಯಿಯೋ ಅಣ್ಣನೋ ಒಂದು ಕರಾರಿಗೆ ಸಹಿ ಹಾಕಬೇಕು. ಆರೋಪಿ ಓಡಿಹೋದರೆ ಪೂರ್ತಿ ಮೊತ್ತವನ್ನೂ, ಅವನನ್ನು ಹುಡುಕಿದ ಖರ್ಚನ್ನೂ ತಾವು ತುಂಬಿಕೊಡುತ್ತೇವೆ ಎಂಬುದು ಅದರ ಸಾರಾಂಶ. ಕೆಲವೊಮ್ಮೆ ಮನೆಯನ್ನೋ ಕಾರನ್ನೋ ಅಡ ಇಡಬೇಕಾಗುತ್ತದೆ.

ಆರೋಪಿ ವಾಯಿದೆಗೆ ಬಾರದಿದ್ದರೆ ನ್ಯಾಯಾಲಯ ಬಾಂಡ್ ಮುಟ್ಟುಗೋಲಿಗೆ ಆದೇಶಿಸುತ್ತದೆ, ಆದರೆ ಕಂಪನಿಗೆ ಒಂದಿಷ್ಟು ಕಾಲಾವಕಾಶವೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದು ಸುಮಾರು 6 ತಿಂಗಳು. ಅಷ್ಟರೊಳಗೆ ಆರೋಪಿಯನ್ನು ತಂದೊಪ್ಪಿಸಿದರೆ ಮುಟ್ಟುಗೋಲು ರದ್ದಾಗುತ್ತದೆ. ಬೌಂಟಿ ಹಂಟರ್ ರಂಗಕ್ಕಿಳಿಯುವುದು ಈ ಅವಧಿಯಲ್ಲಿ. ಅವನಿಗೆ ಸಂಬಳವಿಲ್ಲ, ಹಿಡಿದು ತಂದರೆ ಬಾಂಡ್ ಮೊತ್ತದ ಶೇ 10ರಿಂದ 20ರಷ್ಟು ಸಿಗುವುದು ವಾಡಿಕೆ, ತರದಿದ್ದರೆ ಏನೂ ಇಲ್ಲ. ಕೆಲಸದ ಬಹುಭಾಗ ಟಿ.ವಿ.ಯಲ್ಲಿ ಕಾಣುವಂತೆ ಬಾಗಿಲು ಒದೆಯುವುದಲ್ಲ; ಕರಾರಿಗೆ ಸಹಿ ಹಾಕಿದ ತಾಯಿಗೆ ಫೋನ್ ಮೇಲೆ ಫೋನ್ ಮಾಡುವುದು, ‘ಮಗನನ್ನು ಒಪ್ಪಿಸದಿದ್ದರೆ ಮನೆ ಹೋಗುತ್ತದೆ’ ಎಂದು ನೆನಪಿಸುವುದು, ಹಳೆಯ ಗೆಳತಿಯ ಮನೆಯ ಮುಂದೆ ಕಾರಿನಲ್ಲಿ ರಾತ್ರಿಯಿಡೀ ಕಾಯುವುದು. ಓಡಿಹೋದವನು ಎಷ್ಟು ಅಪಾಯಕಾರಿ ಎಂಬುದಕ್ಕಿಂತ ಅವನ ಬಾಂಡ್ ಎಷ್ಟು ದೊಡ್ಡದು ಎಂಬುದೇ ಇಲ್ಲಿ ಮುಖ್ಯ. ಹೆಂಡತಿಗೆ ಹೊಡೆದು ಸಣ್ಣ ಮೊತ್ತದ ಜಾಮೀನಿನಲ್ಲಿ ಹೊರಬಂದು ಕಾಣೆಯಾದವನ ಹಿಂದೆ ಸುತ್ತುವುದು ಈ ವ್ಯವಹಾರದಲ್ಲಿ ನಷ್ಟದ ಬಾಬತ್ತು.

ಇವರಿಗೆ ಇಂಥ ಅಧಿಕಾರ ಎಲ್ಲಿಂದ ಬಂತು? 1872ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಟೇಲರ್ ವಿರುದ್ಧ ಟೇಂಟರ್’ ಎಂಬ ಪ್ರಕರಣದಲ್ಲಿ ಬರೆದ ಕೆಲವು ಸಾಲುಗಳಿಂದ. ಕನೆಕ್ಟಿಕಟ್ ರಾಜ್ಯದಲ್ಲಿ ಕಳ್ಳತನದ ಆರೋಪ ಹೊತ್ತು 8,000 ಡಾಲರ್ ಜಾಮೀನಿನ ಮೇಲೆ ಹೊರಬಂದವನೊಬ್ಬ ನ್ಯೂಯಾರ್ಕಿಗೆ ಹೋದ. ಅಲ್ಲಿಂದ ಬೇರೊಂದು ಪ್ರಕರಣಕ್ಕಾಗಿ ಅವನನ್ನು ಮೇನ್ ರಾಜ್ಯಕ್ಕೆ ಹಸ್ತಾಂತರಿಸಲಾಯಿತು. ಹೀಗಾಗಿ ಕನೆಕ್ಟಿಕಟ್‌ನ ವಾಯಿದೆಗೆ ಅವನು ಬರಲಿಲ್ಲ. ‘ಸರ್ಕಾರವೇ ಒಯ್ದಿರುವಾಗ ನಾವು ಹೇಗೆ ತರುವುದು’ ಎಂದು ಜಾಮೀನುದಾರರು ಕೇಳಿದರು. ನ್ಯಾಯಾಲಯ ಒಪ್ಪಲಿಲ್ಲ, ಹಣ ಕಟ್ಟಿ ಎಂದಿತು. ಹಾಗೆ ಹೇಳುವಾಗ, ಜಾಮೀನಾದ ಮೇಲೆ ಆರೋಪಿ ಜಾಮೀನುದಾರರ ವಶದಲ್ಲಿರುತ್ತಾನೆ, ಅದು ಮೊದಲಿನ ಸೆರೆಯ ಮುಂದುವರಿಕೆ, ಅವರು ಅವನನ್ನು ಇನ್ನೊಂದು ರಾಜ್ಯಕ್ಕೆ ಬೆನ್ನಟ್ಟಿ ಹೋಗಬಹುದು, ಭಾನುವಾರವೂ ಹಿಡಿಯಬಹುದು, ಅಗತ್ಯ ಬಿದ್ದರೆ ಅವನ ಮನೆಯ ಬಾಗಿಲು ಮುರಿದು ಒಳಹೋಗಬಹುದು ಎಂದೂ ಬರೆಯಿತು. ವಾಸ್ತವವಾಗಿ ಆ ಪ್ರಕರಣದಲ್ಲಿ ಯಾರೂ ಯಾರ ಬಾಗಿಲನ್ನೂ ಮುರಿದಿರಲಿಲ್ಲ. ಹಣ ಯಾರು ಕಟ್ಟಬೇಕೆಂಬ ವ್ಯಾಜ್ಯದಲ್ಲಿ ಪ್ರಾಸಂಗಿಕವಾಗಿ ಬಂದ ಆ ಮಾತು ಒಂದೂವರೆ ಶತಮಾನದಿಂದ ಒಂದು ಇಡೀ ಕಸುಬನ್ನು ಹೊತ್ತು ನಿಂತಿದೆ. ಕರಾರಿನಿಂದ ಬಂದ ಅಧಿಕಾರವಾದ್ದರಿಂದ, ಪೊಲೀಸರ ಕೈ ಕಟ್ಟುವ ಸಂವಿಧಾನದ ನಿಯಮಗಳು ಇವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ ಎಂದೇ ಅಲ್ಲಿನ ನ್ಯಾಯಾಲಯಗಳು ಬಹುಮಟ್ಟಿಗೆ ತಿಳಿದಿವೆ. ಪೊಲೀಸರಿಗೆ ಬೇಕಾದ ಶೋಧನಾ ವಾರಂಟು ಇವರಿಗೆ ಬೇಕಿಲ್ಲ.

ಈ ಪದ್ಧತಿಯ ಪರವಾದ ವಾದವನ್ನು ಮುಚ್ಚಿಡುವುದು ಸರಿಯಲ್ಲ. 2004ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ದೊಡ್ಡ ನಗರಗಳ ಗಂಭೀರ ಅಪರಾಧ ಪ್ರಕರಣಗಳನ್ನು ಪರಿಶೀಲಿಸಿ, ಕಂಪನಿಯ ಬಾಂಡ್ ಮೇಲೆ ಹೊರಬಂದವರು ಹಣ ಕಟ್ಟದೆ, ಬರುತ್ತೇನೆಂಬ ಸ್ವಂತ ಮುಚ್ಚಳಿಕೆಯ ಮೇಲೆ ಹೊರಬಂದ ಅದೇ ತೆರನಾದ ಆರೋಪಿಗಳಿಗಿಂತ ವಾಯಿದೆ ತಪ್ಪಿಸುವ ಸಾಧ್ಯತೆ ಶೇ 28ರಷ್ಟು ಕಡಿಮೆ ಎಂದೂ, ತಪ್ಪಿಸಿಕೊಂಡರೂ ದೀರ್ಘಕಾಲ ಕೈಗೆ ಸಿಗದೆ ಉಳಿಯುವ ಸಾಧ್ಯತೆ ಶೇ 53ರಷ್ಟು ಕಡಿಮೆ ಎಂದೂ ಕಂಡುಕೊಂಡರು. ಇದು ಸಣ್ಣ ವ್ಯತ್ಯಾಸವಲ್ಲ, ಅಂಕಿಗಳನ್ನು ಅಲ್ಲಗಳೆಯಲು ನನಗೆ ಕಾರಣವೂ ಇಲ್ಲ. ಹಣ ಕಳೆದುಕೊಳ್ಳುವ ಭಯವಿರುವವನು ಸರ್ಕಾರಿ ನೌಕರನಿಗಿಂತ ಚುರುಕಾಗಿ ಓಡಾಡುತ್ತಾನೆ ಎಂಬುದು ಕಚೇರಿಯಲ್ಲಿ ಕುಳಿತು ಎದ್ದ ನಮ್ಮಂಥವರಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಹಾಗೆ ಓಡಾಡುವವನು ದಾರಿಯಲ್ಲಿ ಯಾರನ್ನು ತುಳಿದ, ಅದರ ಲೆಕ್ಕ ಎಲ್ಲಿದೆ ಎಂಬುದು ಆ ಅಂಕಿಗಳಲ್ಲಿ ಸಿಗುವುದಿಲ್ಲ.

1997ರ ಆಗಸ್ಟ್ ಕೊನೆಯಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಮುಖಗವಸು, ಗುಂಡುನಿರೋಧಕ ಕವಚ ಧರಿಸಿದ ಗುಂಪೊಂದು ನಸುಕಿನಲ್ಲಿ ಒಂದು ಮನೆಗೆ ನುಗ್ಗಿ, ಅಲ್ಲಿದ್ದ ಯುವಜೋಡಿಯನ್ನು ಗುಂಡಿಕ್ಕಿ ಕೊಂದಿತು. ತಾವು ಬೌಂಟಿ ಹಂಟರ್‌ಗಳೆಂದೂ, ಜಾಮೀನು ಮುರಿದವನೊಬ್ಬನನ್ನು ಹುಡುಕಿ ಬಂದೆವೆಂದೂ ಅವರು ಹೇಳಿಕೊಂಡರು. ಅದು ದರೋಡೆಗೆ ಹೊದಿಸಿದ ಕಥೆಯೆಂದು ಪೊಲೀಸರು ಆಮೇಲೆ ತಿಳಿಸಿದರು. ಕಥೆ ಸುಳ್ಳಾದದ್ದು ಇನ್ನಷ್ಟು ಚಿಂತೆಗೀಡುಮಾಡುವ ವಿಷಯ. ಯೂನಿಫಾರಂ ಇಲ್ಲದ, ವಾರಂಟು ಬೇಕಿಲ್ಲದ, ಬಂದೂಕು ಹಿಡಿದ ಖಾಸಗಿ ವ್ಯಕ್ತಿ ರಾತ್ರಿ ಬಾಗಿಲು ಮುರಿಯುವುದು ಕಾನೂನುಬದ್ಧವೇ ಆಗಿರುವ ನಾಡಿನಲ್ಲಿ ಕಳ್ಳನೂ ಅದೇ ವೇಷ ಹಾಕಬಹುದು, ಮನೆಯವರಿಗೆ ಇವನಾರು ಅವನಾರು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆ ಕೊಲೆಗಳ ಬಳಿಕ ಹಲವು ರಾಜ್ಯಗಳು ಎಚ್ಚೆತ್ತವು. ಕ್ಯಾಲಿಫೋರ್ನಿಯಾ ತರಬೇತಿಯನ್ನು ಕಡ್ಡಾಯ ಮಾಡಿ, ಹಿಡಿಯಲು ಹೋಗುವ ಮುನ್ನ ಸ್ಥಳೀಯ ಪೊಲೀಸರಿಗೆ ತಿಳಿಸಬೇಕು, ಪೊಲೀಸರಂತೆ ಕಾಣುವ ಉಡುಪು, ಬ್ಯಾಡ್ಜ್ ಧರಿಸಬಾರದು ಎಂದು ಕಾನೂನು ಮಾಡಿತು. ಫ್ಲಾರಿಡಾದಲ್ಲಿ ಲೈಸೆನ್ಸ್ ಪಡೆದ ಜಾಮೀನು ಏಜೆಂಟರ ಹೊರತು ಬಾಡಿಗೆ ಬೇಟೆಗಾರರು ಈ ಕೆಲಸ ಮಾಡುವಂತಿಲ್ಲ. ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ. ಗಡಿ ದಾಟಿದರೆ ಬೇರೆ.

ದೇಶದ ಗಡಿ ದಾಟಿದರಂತೂ ಕತೆಯೇ ಬೇರೆ. ಸೌಂದರ್ಯವರ್ಧಕಗಳ ಪ್ರಸಿದ್ಧ ಮ್ಯಾಕ್ಸ್ ಫ್ಯಾಕ್ಟರ್ ಕುಟುಂಬದ ವಾರಸುದಾರ ಆಂಡ್ರ್ಯೂ ಲಸ್ಟರ್, ಅತ್ಯಾಚಾರದ ಆರೋಪಗಳ ವಿಚಾರಣೆ ನಡೆಯುತ್ತಿದ್ದಾಗಲೇ, 10 ಲಕ್ಷ ಡಾಲರ್ ಜಾಮೀನನ್ನು ಬಿಟ್ಟು 2003ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಪರಾರಿಯಾದ. ಅವನ ಗೈರುಹಾಜರಿಯಲ್ಲೇ ವಿಚಾರಣೆ ಮುಗಿದು 124 ವರ್ಷಗಳ ಶಿಕ್ಷೆಯಾಯಿತು. ಅದೇ ವರ್ಷದ ಜೂನ್‌ನಲ್ಲಿ ಡ್ವೇನ್ ಚಾಪ್‌ಮನ್ ಎಂಬ ಹೆಸರಾಂತ ಬೌಂಟಿ ಹಂಟರ್ ಮೆಕ್ಸಿಕೊದ ಪುವೆರ್ಟೊ ವಯಾರ್ಟಾ ಪಟ್ಟಣದಲ್ಲಿ ಅವನನ್ನು ಹಿಡಿದ. ಇಲ್ಲಿಯವರೆಗೆ ಎಲ್ಲರೂ ಚಪ್ಪಾಳೆ ತಟ್ಟುವ ಕಥೆಯೇ. ಆದರೆ ಮೆಕ್ಸಿಕೊದಲ್ಲಿ ಈ ಕಸುಬು ಅಪರಾಧ; ಅಲ್ಲಿನ ಪೊಲೀಸರು ಹಿಡಿದವನನ್ನೂ ಹಿಡಿಸಿಕೊಂಡವನನ್ನೂ ಒಟ್ಟಿಗೆ ಬಂಧಿಸಿದರು. ಚಾಪ್‌ಮನ್ ಜಾಮೀನಿನ ಮೇಲೆ ಹೊರಬಂದು, ಪ್ರಕರಣ ಮುಗಿಯುವ ಮುನ್ನವೇ ಮೆಕ್ಸಿಕೊ ಬಿಟ್ಟು ಅಮೆರಿಕಕ್ಕೆ ಮರಳಿದ. ಜಾಮೀನು ಮುರಿದವರನ್ನು ಹಿಡಿಯುವವನೇ ಜಾಮೀನು ಮುರಿದ ಎಂದು ಮೆಕ್ಸಿಕೊ ದೂರಿದ್ದರಲ್ಲಿ ತಪ್ಪೇನಿಲ್ಲ. ಆ ದೇಶದ ಕೋರಿಕೆಯ ಮೇಲೆ 2006ರ ಸೆಪ್ಟೆಂಬರಿನಲ್ಲಿ ಅವನನ್ನು ಹವಾಯಿಯಲ್ಲಿ ಅಮೆರಿಕದ ಮಾರ್ಷಲ್‌ಗಳೇ ಬಂಧಿಸಿದರು. ಮರುವರ್ಷ ಕಾಲಮಿತಿ ಮೀರಿತೆಂಬ ಕಾರಣಕ್ಕೆ ಮೆಕ್ಸಿಕೊದ ನ್ಯಾಯಾಲಯ ಪ್ರಕರಣ ಕೈಬಿಟ್ಟಿತು. ಮುಟ್ಟುಗೋಲಾದ ಜಾಮೀನು ಹಣದಲ್ಲಿ ತನ್ನ ಖರ್ಚು ಕೊಡಿಸಬೇಕೆಂದು ಅವನು ಕೇಳಿದ್ದನ್ನು ಕ್ಯಾಲಿಫೋರ್ನಿಯಾದ ನ್ಯಾಯಾಧೀಶರು ಅದಕ್ಕೂ ಮೊದಲೇ ನಿರಾಕರಿಸಿದ್ದರು.

ಅದಕ್ಕೂ ಹಿಂದೆ, 1981ರಲ್ಲಿ, ಫ್ಲಾರಿಡಾದ ಭೂವ್ಯವಹಾರದ ಪ್ರಕರಣವೊಂದರಲ್ಲಿ ವಿಚಾರಣೆಗೆ ಹಾಜರಾಗದ ಕೆನಡಾದ ಉದ್ಯಮಿಯೊಬ್ಬರನ್ನು ಇಬ್ಬರು ಬೌಂಟಿ ಹಂಟರ್‌ಗಳು ಟೊರಾಂಟೊದಿಂದ ಬಲವಂತವಾಗಿ ಕಾರಿನಲ್ಲಿ ಹಾಕಿಕೊಂಡು ಗಡಿ ದಾಟಿಸಿದರು. ಕೆನಡಾ ಸರ್ಕಾರ ಇದನ್ನು ರಾಜತಾಂತ್ರಿಕ ಮಟ್ಟದಲ್ಲಿ ಪ್ರತಿಭಟಿಸಿತು. ಕೊನೆಗೆ ಅಮೆರಿಕ ಆ ಇಬ್ಬರನ್ನು ಕೆನಡಾಕ್ಕೆ ಒಪ್ಪಿಸಿತು, ಅಲ್ಲಿ ಅವರಿಗೆ ಅಪಹರಣಕ್ಕಾಗಿ ಶಿಕ್ಷೆಯಾಯಿತು. ಅಮೆರಿಕದ ಹಲವೆಡೆ ಕಾನೂನುಬದ್ಧವಾದ ಅದೇ ಕೃತ್ಯ ಟೊರಾಂಟೊದಲ್ಲಿ ಅಪಹರಣ. ನಮ್ಮ ಕೆಲವರು ವಿದೇಶಕ್ಕೆ ಹಾರಿದ ವಿಜಯ್ ಮಲ್ಯ ಅವರಂಥವರನ್ನು ನೆನೆದು ‘ಬೌಂಟಿ ಹಂಟರ್‌ಗಳನ್ನು ಬಿಡಿ’ ಎನ್ನುವುದುಂಟು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟದ್ದು ಬಂಧನವಾಗುವ ಮೊದಲು. ಇಲ್ಲದ ಜಾಮೀನನ್ನು ಮುರಿದರೆಂದು ಯಾರನ್ನು ಕಳುಹಿಸುವುದು?

ಅಮೆರಿಕದೊಳಗೇ ಈ ಪದ್ಧತಿಯ ಬಗ್ಗೆ ಒಮ್ಮತವಿಲ್ಲ ಎಂಬುದನ್ನು ಇಲ್ಲಿನ ಅಭಿಮಾನಿಗಳು ಗಮನಿಸಿದಂತಿಲ್ಲ. ಕೆಂಟಕಿ 1976ರಲ್ಲೇ ಜಾಮೀನಿನ ವ್ಯಾಪಾರವನ್ನು ನಿಷೇಧಿಸಿತು. ವಿಸ್ಕಾನ್ಸಿನ್ ಮತ್ತು ಆರೆಗನ್‌ಗಳಲ್ಲೂ ಅದಕ್ಕೆ ಜಾಗವಿಲ್ಲ. ಇಲಿನಾಯ್ ರಾಜ್ಯ 1960ರ ದಶಕದಲ್ಲಿ ಕಂಪನಿಗಳನ್ನು ಹೊರಗಿಟ್ಟು, ಶೇ 10ರಷ್ಟು ಮೊತ್ತವನ್ನು ನೇರವಾಗಿ ನ್ಯಾಯಾಲಯದಲ್ಲೇ ಠೇವಣಿ ಇಡಿಸಿಕೊಳ್ಳುವ ವ್ಯವಸ್ಥೆ ಮಾಡಿತು. 2023ರ ಸೆಪ್ಟೆಂಬರ್ 18ರಿಂದ ಅಲ್ಲಿ ಹಣದ ಜಾಮೀನೇ ಇಲ್ಲ. ಆರೋಪಿಯಿಂದ ಅಪಾಯವಿದೆಯೇ, ಓಡಿಹೋಗುವ ಸಂಭವವಿದೆಯೇ ಎಂದು ನ್ಯಾಯಾಧೀಶರು ವಿಚಾರಿಸಿ, ಒಳಗಿಡುವುದೋ ಹೊರಬಿಡುವುದೋ ಎಂದು ನಿರ್ಧರಿಸುತ್ತಾರೆ. ಬಾಂಡೇ ಇಲ್ಲದ ಕಡೆ ಬೇಟೆಗಾರನಿಗೆ ಕೆಲಸವಿಲ್ಲ.

ಇನ್ನು ನಮ್ಮ ಕಾನೂನಿನ ವಿಚಾರ. ನಮ್ಮಲ್ಲಿ ಜಾಮೀನುದಾರ ಶುಲ್ಕ ಪಡೆಯುವ ವ್ಯಾಪಾರಿಯಲ್ಲ, ಆರೋಪಿಯ ಗುರುತು ಬಲ್ಲ ವ್ಯಕ್ತಿ ಎಂಬುದು ಮೂಲ ಕಲ್ಪನೆ. ಆರೋಪಿಯ ಮೇಲೆ ನಂಬಿಕೆ ಹೋದರೆ ಆತ ಬಂದೂಕು ಹಿಡಿದು ಹೊರಡಬೇಕಿಲ್ಲ. ಅಪರಾಧ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 489ನೇ ಕಲಂ ಪ್ರಕಾರ ತನ್ನನ್ನು ಜಾಮೀನಿನಿಂದ ಬಿಡುಗಡೆ ಮಾಡಬೇಕೆಂದು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟರೆ ಸಾಕು, ಆರೋಪಿಯನ್ನು ಕರೆತರಲು ನ್ಯಾಯಾಲಯವೇ ವಾರಂಟು ಹೊರಡಿಸುತ್ತದೆ. ಓಡಿಹೋದರೆ 491ನೇ ಕಲಂ ಅಡಿ ಮುಚ್ಚಳಿಕೆಯ ಮೊತ್ತ ವಸೂಲಾಗುತ್ತದೆ. ವಸೂಲಾಗದಿದ್ದರೆ ಜಾಮೀನುದಾರನಿಗೆ 6 ತಿಂಗಳವರೆಗೆ ಸಿವಿಲ್ ಸೆರೆಯೂ ಆಗಬಹುದು. ಹಾಜರಾಗದಿರುವುದೇ ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಂ ಪ್ರಕಾರ ಪ್ರತ್ಯೇಕ ಅಪರಾಧ. ಖಾಸಗಿ ವ್ಯಕ್ತಿಗೂ ಕಾನೂನು ಸ್ವಲ್ಪ ಅವಕಾಶ ಇಟ್ಟಿದೆ: ನ್ಯಾಯಾಲಯ ಘೋಷಿತ ಅಪರಾಧಿಯೆಂದು ಸಾರಿದವನನ್ನು ಯಾರು ಬೇಕಾದರೂ ಹಿಡಿಯಬಹುದು, ಆದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಈ ಸಂಹಿತೆಯ 356ನೇ ಕಲಂ, ತಪ್ಪಿಸಿಕೊಂಡ ಘೋಷಿತ ಅಪರಾಧಿಯ ವಿಚಾರಣೆಯನ್ನು ಅವನ ಗೈರುಹಾಜರಿಯಲ್ಲೇ ನಡೆಸಲು ಅವಕಾಶ ಕೊಟ್ಟಿರುವುದು ದೊಡ್ಡ ಬದಲಾವಣೆ. ಆರೋಪಿಯಿಂದಲೋ ಅವನ ಕಡೆಯವರಿಂದಲೋ ಹಣ ಪಡೆದು, ನಷ್ಟ ತುಂಬಿಕೊಡುವ ಕರಾರಿನ ಮೇಲೆ ಜಾಮೀನು ನಿಲ್ಲುವುದನ್ನು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ನಮ್ಮ ನ್ಯಾಯಾಲಯಗಳು ಕರಾರು ಕಾಯ್ದೆಯ 23ನೇ ಕಲಂ ಅಡಿ ಅನೂರ್ಜಿತಗೊಳಿಸಿವೆ. ಇಂಗ್ಲೆಂಡ್‌ನಲ್ಲಿ 1976ರ ಜಾಮೀನು ಕಾಯ್ದೆಯಂತೆ ಅದು ಅಪರಾಧವೇ. ಅಮೆರಿಕದ ಅಂಗಡಿ ನಿಂತಿರುವುದು ಇದೇ ಕರಾರಿನ ಮೇಲೆ.

ಹಾಗಿದ್ದೂ ನಮ್ಮಲ್ಲಿ ಆರೋಪಿಗಳು ಏಕೆ ಓಡಿಹೋಗುತ್ತಾರೆ ಎಂಬುದನ್ನು ಕಚೇರಿಯ ಅನುಭವದಿಂದ ಹೇಳಬಲ್ಲೆ. ಕಟಕಟೆಯಲ್ಲಿ ನಿಂತ ಜಾಮೀನುದಾರನನ್ನು ಸಾಹೇಬರು ‘ಆರೋಪಿ ನಿಮಗೆ ಹೇಗೆ ಪರಿಚಯ?’ ಎಂದು ಕೇಳುತ್ತಾರೆ. ‘ನಮ್ಮ ಊರಿನವರೇ ಸ್ವಾಮಿ’ ಎಂದು ಉತ್ತರ ಬರುತ್ತದೆ. ‘ಅವನು ಓಡಿಹೋದರೆ ದುಡ್ಡು ಕಟ್ಟಬೇಕಾಗುತ್ತದೆ, ಗೊತ್ತೇ?’ ಎಂದರೆ ‘ಗೊತ್ತು ಸ್ವಾಮಿ’. ಆದರೆ ಆರೋಪಿಯ ತಂದೆಯ ಹೆಸರು ಹೇಳಿ ಎಂದ ಕೂಡಲೇ ಕಣ್ಣು ವಕೀಲರ ಗುಮಾಸ್ತರ ಕಡೆ ಹೊರಳುತ್ತದೆ. ನಕಲಿ ಆಧಾರ್, ನಕಲಿ ಪಹಣಿ ಹಿಡಿದು ದುಡ್ಡಿಗೆ ಜಾಮೀನು ನಿಲ್ಲುವ ಜಾಲಗಳನ್ನು ಬೆಂಗಳೂರು ಪೊಲೀಸರು ಹಿಡಿದ ಸುದ್ದಿ ನಿಮ್ಮಂಥ ಪತ್ರಿಕೆಗಳಲ್ಲೇ ಹಲವು ಬಾರಿ ಬಂದಿದೆ. ಒಬ್ಬನೇ ಎಷ್ಟು ಜನರಿಗೆ ಜಾಮೀನು ನಿಂತಿದ್ದಾನೆ ಎಂಬ ಘೋಷಣೆಯನ್ನು ನಾಗರಿಕ ಸುರಕ್ಷಾ ಸಂಹಿತೆಯ 486ನೇ ಕಲಂ ಕಡ್ಡಾಯ ಮಾಡಿದೆ, ನಿಜ. ಆದರೆ ಆ ಘೋಷಣೆ ಮುದ್ರಿತ ನಮೂನೆಯ ಒಂದು ಸಾಲಾಗಿ, ಆ ಕಡತದಲ್ಲೇ ಉಳಿಯುತ್ತದೆ. ಪಕ್ಕದ ಕೋರ್ಟ್ ಹಾಲ್‌ನಲ್ಲಿ ಅದೇ ಪಹಣಿ ಇನ್ನೊಬ್ಬ ಆರೋಪಿಗೆ ಬಳಕೆಯಾದದ್ದು ಅಲ್ಲಿನ ಗುಮಾಸ್ತರಿಗೆ ತಿಳಿಯಬೇಕಾದರೆ ಪಹಣಿಯ ಸರ್ವೆ ನಂಬರು ಅವರಿಗೆ ಬಾಯಿಪಾಠವಾಗಿರಬೇಕು. ಇಂಥ ಜಾಮೀನುದಾರನಿಂದ ಮೊತ್ತ ವಸೂಲಿಗೆ ಹೊರಟರೆ, ಆಸಾಮಿಯೂ ಇಲ್ಲ, ಆಸ್ತಿಯೂ ಇಲ್ಲ. ವಸೂಲಿಯ ಪ್ರಕರಣವೇ ಇನ್ನೊಂದು ಬಾಕಿ ಪ್ರಕರಣವಾಗುತ್ತದೆ.

ಇದರ ಮೇಲೆ ಖಾಸಗಿ ಹಿಡಿಯುವವರನ್ನೂ ತಂದರೆ ಏನಾಗಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಕ್ರೊ ಫೈನಾನ್ಸ್ ಸಾಲ ವಸೂಲಿಗಾರರ ಕಿರುಕುಳ ತಾಳಲಾರದೆ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳ ನಡುವೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಂತು ವಸೂಲಿಗೆ ಬಂದವರನ್ನೇ ಮನೆಯ ಹೊಸ್ತಿಲಲ್ಲಿ ತಡೆಯಲಾಗದ ನಾವು, ಮನುಷ್ಯರನ್ನು ಹೊತ್ತೊಯ್ಯುವ ಅಧಿಕಾರವನ್ನು ಅದೇ ಬಗೆಯ ಏಜೆನ್ಸಿಗಳಿಗೆ ಕೊಡಬೇಕೆನ್ನುವುದು ನನಗೆ ಅರ್ಥವಾಗದ ಮಾತು.

ಹಾಗೆಂದು ಜಾಮೀನಿನ ಷರತ್ತುಗಳನ್ನು ಕಣ್ಣುಮುಚ್ಚಿ ಬಿಗಿಗೊಳಿಸುವುದೂ ಸರಿಯಾಗದು. 1978ರ ಮೋತಿರಾಂ ಪ್ರಕರಣದಲ್ಲಿ ಮಧ್ಯಪ್ರದೇಶದ ಗಾರೆ ಕೆಲಸಗಾರನೊಬ್ಬನಿಗೆ 10,000 ರೂಪಾಯಿಯ ಜಾಮೀನುದಾರ ಬೇಕೆಂದು ಕೇಳಿದ ಮ್ಯಾಜಿಸ್ಟ್ರೇಟರು, ಅವನ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಆ ಜಾಮೀನನ್ನು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವಂತೆ ಆದೇಶಿಸುತ್ತ, ಒಬ್ಬ ಕನ್ನಡಿಗನೋ ಮಲಯಾಳಿಯೋ ಬಸ್ತರ್‌ನಲ್ಲಿ ಅಥವಾ ಪೋರ್ಟ್‌ಬ್ಲೇರ್‌ನಲ್ಲಿ ಬಂಧಿತನಾದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕೆಂಬ ಅರ್ಥದ ಪ್ರಶ್ನೆ ಎತ್ತಿದರು. ಇಂದು ಆ ಪ್ರಶ್ನೆ ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಬಿಹಾರದ ಕೂಲಿಯದು. ಊರಲ್ಲಿ ಯಾರೂ ಇಲ್ಲದ ಅಂಥವರೇ ದುಡ್ಡಿನ ಜಾಮೀನುದಾರರ ಮುಖ್ಯ ಗಿರಾಕಿಗಳು ಎಂಬುದನ್ನು ಮರೆಯಬಾರದು.

ವಾಯಿದೆ ತಪ್ಪಿಸುವವರೆಲ್ಲ ಓಡಿಹೋದವರಲ್ಲ ಎಂಬುದೂ ಇಲ್ಲಿ ಪ್ರಸ್ತುತ. ನ್ಯೂಯಾರ್ಕ್ ನಗರದಲ್ಲಿ ಸಣ್ಣಪುಟ್ಟ ಅಪರಾಧಗಳ ಸಮನ್ಸ್ ನಮೂನೆಯಲ್ಲಿ ದಿನಾಂಕ, ಸ್ಥಳ ಎದ್ದು ಕಾಣುವಂತೆ ಬದಲಿಸಿದ್ದರಿಂದಲೇ ಗೈರುಹಾಜರಿ ಸುಮಾರು ಶೇ 13ರಷ್ಟು, ವಾಯಿದೆಗೆ ಮುನ್ನ ಮೊಬೈಲಿಗೆ ಸಂದೇಶ ಕಳುಹಿಸಿದ್ದರಿಂದ ಸುಮಾರು ಶೇ 21ರಷ್ಟು ಕಡಿಮೆಯಾದುದು 2020ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಬೌಂಟಿ ಹಂಟರ್‌ಗಳ ನಾಡಿನಿಂದ ನಾವು ಎರವಲು ತರಬಹುದಾದುದು ಇದು.

ಆದ್ದರಿಂದ ರಾಜ್ಯ ಸರ್ಕಾರ ಹಾಗೂ ಉಚ್ಚ ನ್ಯಾಯಾಲಯದ ಆಡಳಿತದಲ್ಲಿ ನನ್ನ ವಿನಂತಿ ಇಷ್ಟೇ. ಜಾಮೀನುದಾರರ ಆಧಾರ್ ಮತ್ತು ಪಹಣಿಯನ್ನು ಮುಚ್ಚಳಿಕೆ ಬರೆಸಿಕೊಳ್ಳುವ ಮೇಜಿನಲ್ಲೇ, ಆ ಕ್ಷಣವೇ, ಭೂಮಿ ದಾಖಲೆಯೊಂದಿಗೆ ತಾಳೆ ನೋಡುವ ವ್ಯವಸ್ಥೆ ಪ್ರತಿ ತಾಲ್ಲೂಕು ನ್ಯಾಯಾಲಯಕ್ಕೂ ಬರಲಿ. ಒಬ್ಬ ಜಾಮೀನುದಾರ ರಾಜ್ಯದ ಯಾವ ನ್ಯಾಯಾಲಯದಲ್ಲಿ ಯಾರಿಗೆ ನಿಂತಿದ್ದಾನೆ ಎಂಬುದು ಎಲ್ಲ ನ್ಯಾಯಾಲಯಗಳಿಗೂ ಒಂದೇ ಕಡೆ ಕಾಣಲಿ. ಆರೋಪಿ ಮತ್ತು ಜಾಮೀನುದಾರ ಇಬ್ಬರ ಮೊಬೈಲ್ ಸಂಖ್ಯೆಯನ್ನೂ ಪಡೆದು ವಾಯಿದೆಯ ಹಿಂದಿನ ದಿನ ಕನ್ನಡದಲ್ಲೇ ಸಂದೇಶ ಹೋಗಲಿ. ವಾರಂಟು ಜಾರಿಗೆಂದೇ ಪ್ರತಿ ಉಪವಿಭಾಗದಲ್ಲಿ ಕೆಲವು ಸಿಬ್ಬಂದಿಯನ್ನು ಬಂದೋಬಸ್ತು, ಗಣ್ಯರ ಭೇಟಿಗಳಿಗೆ ಎಳೆಯದಂತೆ ಮೀಸಲಿಡಲಿ. ಬಡ ಕೈದಿಗಳ ಜಾಮೀನಿಗಾಗಿ ನೆರವು ಕೊಡುವ ಕೇಂದ್ರದ 2023ರ ಯೋಜನೆ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಜನರಿಗೆ ತಲುಪಿದೆ ಎಂಬುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಪ್ರತಿ ವರ್ಷ ಪ್ರಕಟಿಸಲಿ. ಈ ಮಾಹಿತಿಯನ್ನು ಕೇಳಿ ಪಡೆದು ಜಿಲ್ಲಾವಾರು ಅಂಕಿಗಳನ್ನು ನಿಮ್ಮ ಪತ್ರಿಕೆಯೂ ಪ್ರಕಟಿಸುವುದಾದರೆ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ, ಶಿವಮೊಗ್ಗ